ಎರಡು ರೂಪಾಯಿಗೆ ಎರಡು ಬೀಗದ ಬೆಂಕಿ

ಒಂದು ಉಪಕರಣದ ವಿವರ ಹೇಳುತ್ತೇನೆ, ಕೇಳಿ.

ಅಂಗೈಯಲ್ಲಿ ಅಡಗುವಷ್ಟು ಚಿಕ್ಕದು. ತೂಕ ಒಂದು ಹಿಡಿ ಮಂಡಕ್ಕಿಯಷ್ಟು. ಚಾರ್ಜರ್ ಬೇಡ, ನೆಟ್‌ವರ್ಕ್ ಬೇಡ, ಸೆಟ್ಟಿಂಗ್ಸ್ ಅಂತ ಏನೂ ಇಲ್ಲ. ಒಳಗೆ ಐವತ್ತರ ಆಸುಪಾಸು ಘಟಕಗಳು. ಒಂದು ಕೈಕೊಟ್ಟರೆ ಉಳಿದವಕ್ಕೆ ಏನೂ ಆಗುವುದಿಲ್ಲ. ಆನ್ ಮಾಡಿದ ಕ್ಷಣಕ್ಕೇ ಕೆಲಸ ಶುರು. ಎರಡು ಹಂತದ ಭದ್ರತೆ ಇದೆ, ನಡುವೆ ಒಂದು ಫೈರ್‌ವಾಲ್ ಕೂಡ ಇದೆ. ಒಣಗಿದ ಜಾಗದಲ್ಲಿಟ್ಟು ನಾಲ್ಕು ವರ್ಷ ಮರೆತರೂ ಚಾರ್ಜ್ ಇಳಿಯುವುದಿಲ್ಲ. ಬೆಲೆ ಎರಡು ರೂಪಾಯಿ.

ಬೆಂಕಿಪೊಟ್ಟಣ. ಧಾರವಾಡದ ಕಡೆಯವರಿಗೆ ಕಡ್ಡಿಪೆಟ್ಟಿಗೆ.

ಇದರಲ್ಲಿ ಒಂದು ಮಾತನ್ನೂ ನಾನು ಸುಮ್ನೆ ಸೇರಿಸಿಲ್ಲ. ಪ್ರತಿ ಸಾಲೂ ನಿಜ. ಈ ವಿವರ ಹುಟ್ಟಿದ್ದು ಕಳೆದ ಗಣೇಶನ ಹಬ್ಬದ ಸಂಜೆ, ನಮ್ಮ ಅಕ್ಕನ ಮಗನಿಂದ. ಹತ್ತು ವರ್ಷದ ಹುಡುಗ, ಬೆಂಗಳೂರಿನಿಂದ ನಮ್ಮ ಮನೆಗೆ ಬಂದಿದ್ದ. ಸಾಗರದ ಕಡೆಯ ಮಳೆ ಗೊತ್ತಲ್ಲ, ಹಬ್ಬ ಅಂತ ನಿಲ್ಲುವುದಿಲ್ಲ. ಆರೂವರೆಗೆ ಕರೆಂಟ್ ಹೋಯಿತು. ದೇವರ ಮುಂದಿನ ದೀಪ ಹಚ್ಚು ಮರಿ ಎಂದು ಅವನ ಕೈಗೆ ಪೊಟ್ಟಣ ಕೊಟ್ಟೆ. ಮೊಬೈಲ್ ಟಾರ್ಚಿನ ಬೆಳಕಲ್ಲಿ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ.

"ಮಾಮ, ಇದನ್ನ ಹೇಗೆ ಆನ್ ಮಾಡೋದು?"

ಅವರ ಮನೆಯಲ್ಲಿ ಒಲೆಯ ನಾಬ್ ತಿರುಗಿಸಿದರೆ ತಾನಾಗಿ ಹೊತ್ತಿಕೊಳ್ಳುತ್ತದೆ. ದೇವರ ಮನೆಯಲ್ಲಿ ಲೈಟರ್ ಇದೆ. ಹುಡುಗ ಕಡ್ಡಿ ಗೀರುವುದನ್ನು ನೋಡಿದ್ದ, ಗೀರಿರಲಿಲ್ಲ. ನನಗೆ ಅವನ ಪ್ರಶ್ನೆ ತುಂಬ ಇಷ್ಟವಾಯಿತು. ಯಾಕೆಂದರೆ ಅದು ಸರಿಯಾದ ಪ್ರಶ್ನೆ. ಇದು ಆನ್ ಆಗುವುದು ಹೇಗೆ? ಅದಕ್ಕಿಂತ ದೊಡ್ಡ ಪ್ರಶ್ನೆ, ಅಷ್ಟು ಹೊತ್ತು ಇದು ಆಫ್ ಆಗಿ ಇರುವುದು ಹೇಗೆ?

ಅವನಿಗೆ ಹೇಳಿದೆ, "ಒಂದು ಕಡ್ಡಿ ತೆಗೆದು ಗೋಡೆಗೆ ಉಜ್ಜಿ ನೋಡು." ಉಜ್ಜಿದ. ಏನೂ ಆಗಲಿಲ್ಲ. ನೆಲಕ್ಕೆ ಉಜ್ಜಿದ. ಆಗಲಿಲ್ಲ. "ಕೆಟ್ಟುಹೋಗಿದೆ ಮಾಮ" ಅಂದ. ಕೆಟ್ಟಿಲ್ಲ, ಅದು ಬೀಗ ಹಾಕಿಕೊಂಡಿದೆ ಅಂದೆ. ಒಂದು ಬೀಗದ ಕೀ ಕಡ್ಡಿಯ ತಲೆಯಲ್ಲಿದೆ. ಇನ್ನೊಂದು ಪೊಟ್ಟಣದ ಪಕ್ಕೆಯಲ್ಲಿದೆ, ಆ ಕಂದು ಬಣ್ಣದ ಪಟ್ಟಿಯಲ್ಲಿ. ಎರಡೂ ಸೇರದೆ ಬೆಂಕಿ ಬರುವುದಿಲ್ಲ. ನಿಮ್ಮಮ್ಮ ಬ್ಯಾಂಕಿನ ಆ್ಯಪ್ ತೆರೆಯುವಾಗ ಪಾಸ್‌ವರ್ಡ್ ಹಾಕಿದ ಮೇಲೂ ಓಟಿಪಿ ಬರಬೇಕಲ್ಲ, ಹಾಗೆ.

ದೀಪ ಹಚ್ಚುವುದು ಅವತ್ತು ಕಾಲು ಗಂಟೆ ತಡವಾಯಿತು. ಆ ಕಾಲು ಗಂಟೆಯಲ್ಲಿ ಅವನಿಗೆ ಹೇಳಿದ್ದನ್ನೂ, ಹೇಳಲು ಆಗದೆ ಉಳಿದದ್ದನ್ನೂ ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ಅಜ್ಜಿಯ ಕಾಲದಲ್ಲಿ ಬೆಂಕಿಯನ್ನು ಹುಟ್ಟಿಸುವುದಕ್ಕಿಂತ ಕಾಪಾಡುವುದೇ ಜಾಸ್ತಿ. ರಾತ್ರಿ ಒಲೆಯ ಕೆಂಡವನ್ನು ಬೂದಿಯಲ್ಲಿ ಮುಚ್ಚಿಡುತ್ತಿದ್ದರು. ಬೆಳಿಗ್ಗೆ ಬೂದಿ ಕೆದಕಿ, ಒಣಗಿದ ತೆಂಗಿನ ನಾರು ಇಟ್ಟು ಊದಿದರೆ ಮತ್ತೆ ಉರಿ. ಕೆಂಡ ಆರಿಹೋಗಿದ್ದರೆ ಪಕ್ಕದ ಮನೆಗೆ ಗರಟೆ ಹಿಡಿದು ಹೋಗಬೇಕು. ಅಲ್ಲಿಂದ ಎರಡು ಕೆಂಡ ತರಬೇಕು. ಚಕಮಕಿ ಕಲ್ಲು ಇತ್ತು, ಹೋಮಕ್ಕೆ ಅರಣಿ ಕಡೆಯುವುದು ಇತ್ತು. ಆದರೆ ಮಳೆಗಾಲದ ಬೆಳಗಿನಲ್ಲಿ ಕಾಫಿಗೆ ಅರಣಿ ಕಡೆಯುವವರು ಯಾರು? ಕಲ್ಲಿಗೆ ಕಬ್ಬಿಣ ಬಡಿದು ಕಿಡಿ ಹಾರಿಸಿ, ಅದನ್ನು ಅರಳೆಗೆ ಹಿಡಿಸಿ, ಊದಿ ಊದಿ ಜ್ವಾಲೆ ಮಾಡುವುದಕ್ಕೆ ತಾಳ್ಮೆ ಬೇಕು, ಒಣಗಿದ ಅರಳೆಯೂ ಬೇಕು.

ಬೇಗ ಹೊತ್ತಿಕೊಳ್ಳುವ ವಸ್ತು ಒಂದು ಸಿಕ್ಕಿದರೆ ಸಾಕಲ್ವಾ ಅನ್ನಿಸಬಹುದು. ಅಂಥ ವಸ್ತು ಸಿಕ್ಕಿತು, ಆದರೆ ಅದರಿಂದ ಕಷ್ಟ ಇನ್ನೂ ದೊಡ್ಡದಾಯಿತು.

1669ರಲ್ಲಿ ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ಹೆನಿಗ್ ಬ್ರಾಂಡ್ ಎಂಬಾತ ಚಿನ್ನ ಮಾಡಲು ಹೊರಟಿದ್ದ. ಅದಕ್ಕೆ ಅವನು ಆರಿಸಿಕೊಂಡ ಕಚ್ಚಾವಸ್ತು ಮನುಷ್ಯರ ಮೂತ್ರ. ರಾಶಿ ರಾಶಿ ಮೂತ್ರವನ್ನು ಕುದಿಸಿ, ಇಂಗಿಸಿ, ಉಳಿದ ಗಷ್ಟನ್ನು ಕಾಯಿಸಿದ. ಚಿನ್ನ ಬರಲಿಲ್ಲ. ಕತ್ತಲಲ್ಲಿ ತಾನಾಗಿ ಹೊಳೆಯುವ ಬಿಳಿ ಮೇಣದಂಥ ವಸ್ತು ಬಂತು. ಅದೇ ರಂಜಕ, ಫಾಸ್ಫರಸ್. ಈ ಬಿಳಿ ರಂಜಕ ಗಾಳಿಯಲ್ಲಿ ಮೂವತ್ತು ಡಿಗ್ರಿ ಆಸುಪಾಸಿನಲ್ಲೇ ಹೊತ್ತಿಕೊಳ್ಳಬಹುದು. ಮೂವತ್ತು ಡಿಗ್ರಿ ಎಂದರೆ ಶಿವಮೊಗ್ಗದ ಒಂದು ಸಾಧಾರಣ ಮಧ್ಯಾಹ್ನ. ಅಂಗೈ ಬಿಸಿಯೇ ಅದಕ್ಕಿಂತ ಜಾಸ್ತಿ. ಅದಕ್ಕೇ ಇದನ್ನು ನೀರಿನೊಳಗೆ ಮುಳುಗಿಸಿ ಇಡುತ್ತಾರೆ.

ಬೇಗ ಹೊತ್ತುವ ವಸ್ತು ಬೇಡದಾಗಲೂ ಹೊತ್ತುತ್ತದೆ. ಸುಲಭವಾಗಿ ಹೊತ್ತದ ವಸ್ತು ಬೇಕಾದಾಗಲೂ ಹೊತ್ತುವುದಿಲ್ಲ. ಈ ಎರಡರ ನಡುವೆ ದಾರಿ ಹುಡುಕುವುದಕ್ಕೆ ಬ್ರಾಂಡ್‌ನ ನಂತರ ಸುಮಾರು ಇನ್ನೂರು ವರ್ಷ ಹಿಡಿಯಿತು.

1805ರಲ್ಲಿ ಪ್ಯಾರಿಸ್‌ನಲ್ಲಿ ಜಾನ್ ಶಾನ್ಸೆಲ್ ಮಾಡಿದ ಕಡ್ಡಿಯ ತಲೆಯಲ್ಲಿ ಪೊಟ್ಯಾಸಿಯಂ ಕ್ಲೋರೇಟ್, ಗಂಧಕ, ಸಕ್ಕರೆ ಇದ್ದವು. ಅದನ್ನು ಹೊತ್ತಿಸಬೇಕಾದರೆ ಸಲ್ಫ್ಯೂರಿಕ್ ಆ್ಯಸಿಡ್ ಇರುವ ಪುಟ್ಟ ಬಾಟಲಿಗೆ ಅದ್ದಬೇಕಿತ್ತು. ಜೇಬಿನಲ್ಲಿ ಆ್ಯಸಿಡ್ ಇಟ್ಟುಕೊಂಡು ಓಡಾಡಬೇಕಾದ ಸ್ಥಿತಿ. 1827ರಲ್ಲಿ ಇಂಗ್ಲೆಂಡಿನ ಸ್ಟಾಕ್ಟನ್ ಊರಿನ ಔಷಧಿ ಅಂಗಡಿಯ ಜಾನ್ ವಾಕರ್ ಮೊದಲ ಬಾರಿಗೆ ಉಜ್ಜಿ ಹೊತ್ತಿಸುವ ಕಡ್ಡಿಗಳನ್ನು ಮಾರಿದ. ಮಡಚಿದ ಉಪ್ಪುಕಾಗದದ ನಡುವೆ ಕಡ್ಡಿ ಇಟ್ಟು ಸರ್ರನೆ ಎಳೆಯಬೇಕು. ಅದರಲ್ಲಿ ರಂಜಕ ಇರಲಿಲ್ಲ. ವಾಕರ್ ಪೇಟೆಂಟ್ ಕೂಡ ಮಾಡಿಸಲಿಲ್ಲ. ಯಾರು ಬೇಕಾದರೂ ಮಾಡಬಹುದಿತ್ತು, ಮಾಡಿದರು. ಕೆಲವೇ ವರ್ಷಗಳಲ್ಲಿ ಕಡ್ಡಿಯ ತಲೆಗೆ ಬಿಳಿ ರಂಜಕ ಬಂದು ಕೂತಿತು. ಎಲ್ಲಿ ಗೀರಿದರೂ ಹೊತ್ತುತ್ತಿತ್ತು. ಗೋಡೆ, ಬೂಟು, ಕಲ್ಲು. ಜೇಬಿನಲ್ಲಿ ತಾನಾಗಿ ಹೊತ್ತುವುದೂ ಇತ್ತು.

ಇಲ್ಲಿ ಸ್ವಲ್ಪ ನಿಲ್ಲಬೇಕು. ಈ ಕಡ್ಡಿಗಳನ್ನು ಮಾಡಿದ ಕೈಗಳ ವಿಷಯ ಹೇಳದೆ ಮುಂದೆ ಹೋಗಲು ನನಗೆ ಮನಸ್ಸು ಬರುವುದಿಲ್ಲ.

ಬಿಳಿ ರಂಜಕದ ಹೊಗೆ ದಿನಾ ಕುಡಿದವರಿಗೆ ಮೊದಲು ಹಲ್ಲುನೋವು ಬರುತ್ತಿತ್ತು. ಆಮೇಲೆ ದವಡೆಯ ಮೂಳೆಯೇ ಕೊಳೆಯುತ್ತಿತ್ತು. ಮೂಳೆ ತೆಗೆದು ಹಾಕದಿದ್ದರೆ ಜೀವ ಹೋಗುತ್ತಿತ್ತು. ಕಾರ್ಖಾನೆಯಲ್ಲಿ ಹೆಚ್ಚಿನವರು ಹೆಂಗಸರು, ಚಿಕ್ಕ ಹುಡುಗಿಯರು. ಊಟ ಮಾಡುವುದಕ್ಕೂ ಬೇರೆ ಕೋಣೆ ಇಲ್ಲ. ರಂಜಕದ ಪುಡಿ ರೊಟ್ಟಿಯ ಮೇಲೇ ಬೀಳುತ್ತಿತ್ತು. 1888ರಲ್ಲಿ ಲಂಡನ್‌ನ ಬ್ರಯಂಟ್ ಅಂಡ್ ಮೇ ಕಾರ್ಖಾನೆಯ ಸುಮಾರು 1400 ಮಂದಿ ಹೆಂಗಸರು, ಹುಡುಗಿಯರು ಕೆಲಸ ಬಿಟ್ಟು ಬೀದಿಗೆ ಬಂದರು. ಅವರ ಕಷ್ಟವನ್ನು ಪತ್ರಿಕೆಯಲ್ಲಿ ಬರೆದು ಬಯಲಿಗೆ ತಂದವರು ಯಾರು ಗೊತ್ತಾ? ಆನಿ ಬೆಸೆಂಟ್. ಮುಂದೆ ನಮ್ಮ ದೇಶಕ್ಕೆ ಬಂದು ಹೋಂ ರೂಲ್ ಚಳವಳಿ ಕಟ್ಟಿ, 1917ರಲ್ಲಿ ಕಾಂಗ್ರೆಸ್ಸಿನ ಅಧ್ಯಕ್ಷೆಯಾದ ಅದೇ ಆನಿ ಬೆಸೆಂಟ್. ಮುಷ್ಕರ ಗೆದ್ದಿತು. ಕೂಲಿಯಲ್ಲಿ ದಂಡ ಮುರಿದುಕೊಳ್ಳುವುದು ನಿಂತಿತು, ಊಟಕ್ಕೆ ಬೇರೆ ಜಾಗ ಸಿಕ್ಕಿತು. ಆದರೆ ಬಿಳಿ ರಂಜಕ ಮಾತ್ರ ಆ ಕಾರ್ಖಾನೆಯಲ್ಲಿ 1901ರವರೆಗೂ ಉಳಿಯಿತು. ಭಾರತದಲ್ಲಿ ಬಿಳಿ ರಂಜಕದ ಕಡ್ಡಿಗಳನ್ನು ನಿಷೇಧಿಸುವ ಕಾಯ್ದೆ ಬಂದದ್ದು 1913ರಲ್ಲಿ.

ನನಗೆ ಸಂಕಟವಾಗುವುದು ಇಲ್ಲಿ. ಸುರಕ್ಷಿತ ಕಡ್ಡಿ ಆ ಹೊತ್ತಿಗೆ ಆಗಲೇ ಹುಟ್ಟಿತ್ತು. ಮುಷ್ಕರಕ್ಕೆ ಮೂವತ್ತು ವರ್ಷ ಮೊದಲೇ ಅಂಗಡಿಯಲ್ಲಿ ಸಿಗುತ್ತಿತ್ತು. ಬಿಳಿ ರಂಜಕ ಅಗ್ಗ, ಕೆಂಪು ರಂಜಕ ದುಬಾರಿ. ಅಷ್ಟೇ ಕಾರಣ.

ಈ ಕೆಂಪು ರಂಜಕವೇ ನಮ್ಮ ಕಥೆಯ ನಾಯಕ. ಬಿಳಿ ರಂಜಕವನ್ನು ಗಾಳಿ ತಾಗದಂತೆ ಮುಚ್ಚಿ ಕಾಯಿಸಿದರೆ ಅದು ಕೆಂಪು ಪುಡಿಯಾಗುತ್ತದೆ. ಮೂಲವಸ್ತು ಅದೇ, ಒಂದು ಪರಮಾಣುವೂ ಬದಲಾಗಿಲ್ಲ. ಜೋಡಣೆ ಮಾತ್ರ ಬೇರೆ. ಇದ್ದಲಿನಲ್ಲೂ ವಜ್ರದಲ್ಲೂ ಇರುವುದು ಇಂಗಾಲವೇ ಅಲ್ವಾ, ಹಾಗೆ. ಬಿಳಿ ರಂಜಕದಲ್ಲಿ ನಾಲ್ಕು ನಾಲ್ಕು ಪರಮಾಣುಗಳು ಇಕ್ಕಟ್ಟಿನಲ್ಲಿ ಮುದುಡಿ ಕೂತಿರುತ್ತವೆ. ಸ್ವಲ್ಪ ನೆಪ ಸಿಕ್ಕರೆ ಸಾಕು, ಬಿಚ್ಚಿಕೊಂಡು ಗಾಳಿಯ ಆಮ್ಲಜನಕದ ಜೊತೆ ಸೇರುತ್ತವೆ. ಕೆಂಪು ರಂಜಕದಲ್ಲಿ ಆ ಗುಂಪುಗಳು ಒಂದರ ಕೈ ಒಂದು ಹಿಡಿದು ಉದ್ದಕ್ಕೆ ಸರಪಳಿಯಾಗಿರುತ್ತವೆ. ಅದು ಹೊತ್ತಬೇಕಾದರೆ 240 ಡಿಗ್ರಿಗೂ ಮೇಲೆ ಕಾಯಬೇಕು. ಕತ್ತಲಲ್ಲಿ ಹೊಳೆಯುವುದಿಲ್ಲ. ಬಿಳಿಯದರ ಹಾಗೆ ವಿಷವೂ ಅಲ್ಲ.

ಸರಿ, ಹಾಗಾದರೆ ಬಿಳಿಯದರ ಬದಲು ಕೆಂಪನ್ನು ಕಡ್ಡಿಯ ತಲೆಗೆ ಮೆತ್ತಿದರೆ ಮುಗಿಯಿತಲ್ಲ ಅನ್ನಿಸುತ್ತದೆ. ಮುಗಿಯುವುದಿಲ್ಲ. ಕಡ್ಡಿಯ ತಲೆಯಲ್ಲಿ ಆಗಲೇ ಪೊಟ್ಯಾಸಿಯಂ ಕ್ಲೋರೇಟ್ ಇರುತ್ತದೆ, ಅದೂ ಕೆಂಪು ರಂಜಕವೂ ಒಂದೇ ಕಡೆ ಬೆರೆತರೆ ಸಿಡಿಮದ್ದು. ಸಣ್ಣ ಪೆಟ್ಟಿಗೇ ಸಿಡಿಯುತ್ತದೆ. ಮನೆಯಲ್ಲಿ ಇದನ್ನು ಯಾರೂ ಪರೀಕ್ಷಿಸಲು ಹೋಗಬಾರದು, ಮಕ್ಕಳಿಗೆ ಇದನ್ನು ಕಡ್ಡಿ ಮುರಿದಂತೆ ಹೇಳಬೇಕು.

ಆಗ ಬಂದ ಯೋಚನೆ ನನ್ನ ಪ್ರಕಾರ ಇಡೀ ಹತ್ತೊಂಬತ್ತನೇ ಶತಮಾನದ ಅತ್ಯಂತ ಚೆಂದದ ಯೋಚನೆಗಳಲ್ಲಿ ಒಂದು. ಎರಡನ್ನೂ ಬೇರೆ ಬೇರೆ ಇಡು. ಒಂದು ಕಡ್ಡಿಗೆ, ಇನ್ನೊಂದು ಪೆಟ್ಟಿಗೆಗೆ. ಸ್ವೀಡನ್ನಿನ ಗುಸ್ತಾಫ್ ಎರಿಕ್ ಪಾಶ್ 1844ರಲ್ಲಿ ಇದಕ್ಕೆ ಪೇಟೆಂಟ್ ಪಡೆದ. ಅದೇ ದೇಶದ ಯೋನ್‌ಶೋಪಿಂಗ್ ಊರಿನ ಲುಂಡ್‌ಸ್ಟ್ರೋಮ್ ಅಣ್ಣತಮ್ಮಂದಿರು ಅದನ್ನು ತಿದ್ದಿ ಕಾರ್ಖಾನೆಯಲ್ಲಿ ಮಾಡಲು ಹಿಡಿದರು. 1855ರಲ್ಲಿ ಪ್ಯಾರಿಸ್‌ನ ಜಾಗತಿಕ ಪ್ರದರ್ಶನದಲ್ಲಿ ಅವರ ಕಡ್ಡಿಗೆ ಪದಕ ಬಂತು. ಇವತ್ತು ನಿಮ್ಮ ಅಡುಗೆಮನೆಯ ಗೂಡಿನಲ್ಲಿ ಕೂತಿರುವುದು ಅದೇ ವಿನ್ಯಾಸ. ನೂರೆಪ್ಪತ್ತು ವರ್ಷ ಕಳೆದರೂ ಮೂಲ ಉಪಾಯ ಹಾಗೇ ಇದೆ, ಯಾಕೆಂದರೆ ಅದರಲ್ಲಿ ತಿದ್ದಬೇಕಾದದ್ದು ಹೆಚ್ಚೇನೂ ಉಳಿದಿಲ್ಲ.

ಈಗ ಕಡ್ಡಿ ಗೀರೋಣ. ಸರ್ ಅನ್ನುವ ಆ ಅರೆಕ್ಷಣವನ್ನು ಹಿಗ್ಗಿಸಿ ನೋಡೋಣ.

ಪೊಟ್ಟಣದ ಪಕ್ಕೆಯ ಪಟ್ಟಿಯಲ್ಲಿ ಹೆಚ್ಚುಕಡಿಮೆ ಅರ್ಧ ಕೆಂಪು ರಂಜಕ. ಉಳಿದದ್ದು ಗಾಜಿನ ಪುಡಿ, ಅಂಟು, ಬಣ್ಣ. ಹೌದು, ಗಾಜಿನ ಪುಡಿ. ಬೆರಳು ಸವರಿದರೆ ಉಪ್ಪುಕಾಗದದ ಹಾಗೆ ತರಿತರಿ ಇರುವುದು ಅದಕ್ಕೇ. ಕಡ್ಡಿಯ ತಲೆಯ ಮದ್ದಿನಲ್ಲಿ ಅರ್ಧದಷ್ಟು ಪೊಟ್ಯಾಸಿಯಂ ಕ್ಲೋರೇಟ್, ಜೊತೆಗೆ ಗಂಧಕ, ಅಂಟು, ಮತ್ತೆ ಗಾಜಿನ ಪುಡಿ. ತಲೆ ಪಟ್ಟಿಯ ಮೇಲೆ ಓಡುತ್ತದೆ. ತರಿಗೆ ತರಿ ಉಜ್ಜಿ ಒಂದು ಚುಕ್ಕೆಯಷ್ಟು ಜಾಗ ಧಗ್ಗನೆ ಕಾಯುತ್ತದೆ. ಆ ಚುಕ್ಕೆಯಲ್ಲಿ ಕಣದಷ್ಟು ಕೆಂಪು ರಂಜಕ ಒಂದು ಕ್ಷಣಕ್ಕೆ ಬಿಳಿಯಾಗುತ್ತದೆ. ಹೌದು, ಅದೇ ಬಿಳಿ ರಂಜಕ. ನೂರಾರು ದವಡೆಗಳನ್ನು ತಿಂದದ್ದು ಇಲ್ಲಿ ಕಣ್ಣಿಗೆ ಕಾಣದಷ್ಟು ಹುಟ್ಟಿ, ಹುಟ್ಟಿದ ಕ್ಷಣಕ್ಕೇ ಉರಿದುಹೋಗುತ್ತದೆ. ನನಗೆ ಇದರಷ್ಟು ಸೋಜಿಗದ ವಿಷಯ ಬೇರೆ ಇಲ್ಲ. ಅಪಾಯವನ್ನು ದಾಸ್ತಾನು ಮಾಡುವ ಗೋಜಿಲ್ಲ. ಬೇಕಾದಾಗ, ಬೇಕಾದಷ್ಟೇ, ಬೇಕಾದ ಜಾಗದಲ್ಲಿ ತಯಾರಿಸಿ ಅಲ್ಲೇ ಮುಗಿಸುತ್ತದೆ.

ಆ ಕಿಡಿಯ ಬಿಸಿಗೆ ತಲೆಯಲ್ಲಿರುವ ಪೊಟ್ಯಾಸಿಯಂ ಕ್ಲೋರೇಟ್ ಒಡೆಯುತ್ತದೆ. ಒಡೆದಾಗ ಆಮ್ಲಜನಕ ಬಿಡುತ್ತದೆ. ಅಂದರೆ ಕಡ್ಡಿ ತನಗೆ ಬೇಕಾದ ಗಾಳಿಯ ಬುತ್ತಿಯನ್ನು ತಾನೇ ಕಟ್ಟಿಕೊಂಡು ಬಂದಿದೆ. ಅದಕ್ಕೇ ಮೊದಲ ಜ್ವಾಲೆ ಅಷ್ಟು ಜೋರು, ಅಷ್ಟು ಬಿಳಿ. ಆ ಆಮ್ಲಜನಕದಲ್ಲಿ ಗಂಧಕ ಉರಿಯುತ್ತದೆ. ಕಡ್ಡಿ ಗೀರಿದಾಗ ಮೂಗಿಗೆ ಚುರ್ರನೆ ಹೊಡೆಯುವ ಆ ವಾಸನೆ ಗಂಧಕ ಸುಟ್ಟದ್ದು.

ಆದರೆ ತಲೆಯ ಮದ್ದು ಒಂದು ಸೆಕೆಂಡಿಗೆಲ್ಲ ಮುಗಿದುಹೋಗುತ್ತದೆ. ಅಷ್ಟರಲ್ಲಿ ಮರ ಹೊತ್ತಿಕೊಳ್ಳಬೇಕು, ಮರವೋ ನಿಧಾನದ್ದು. ಹಾಗಾಗಿ ನಡುವೆ ಇನ್ನೊಬ್ಬ ಓಟಗಾರನಿದ್ದಾನೆ. ಮದ್ದು ಅಂಟಿಸುವ ಮೊದಲು ಕಡ್ಡಿಯ ತುದಿಯನ್ನು ಪ್ಯಾರಫಿನ್ ಮೇಣದಲ್ಲಿ ಅದ್ದಿರುತ್ತಾರೆ. ಮೇಣ ಕರಗಿ, ಆವಿಯಾಗಿ, ಆ ಆವಿ ಉರಿದು, ಮರ ಕಾಯುವವರೆಗೆ ಜ್ವಾಲೆಯನ್ನು ಹಿಡಿದು ನಿಲ್ಲಿಸುತ್ತದೆ. ರಂಜಕದಿಂದ ಗಂಧಕಕ್ಕೆ, ಗಂಧಕದಿಂದ ಮೇಣಕ್ಕೆ, ಮೇಣದಿಂದ ಮರಕ್ಕೆ. ಜಾತ್ರೆಯಲ್ಲಿ ದೀವಟಿಗೆ ಕೈಯಿಂದ ಕೈಗೆ ಹೋದ ಹಾಗೆ. ಒಬ್ಬರ ಕೈ ತಪ್ಪಿದರೂ ಕತ್ತಲೆ.

ಇನ್ನೊಂದು ಗುಟ್ಟು ಕಡ್ಡಿಯ ಕೊನೆಯ ಕ್ಷಣಕ್ಕೆ ಸೇರಿದ್ದು. ಸೌದೆಯ ಚೂರೊಂದನ್ನು ಹೊತ್ತಿಸಿ ಊದಿ ಆರಿಸಿ. ತುದಿಯಲ್ಲಿ ಕೆಂಡ ಉಳಿಯುತ್ತದೆ. ಒಳ್ಳೆಯ ಬೆಂಕಿಕಡ್ಡಿಯನ್ನು ಆರಿಸಿ ನೋಡಿ. ಕಪ್ಪಗಾಗಿ ತಣ್ಣಗಾಗುತ್ತದೆ, ಕೆಂಡ ಉಳಿಯುವುದಿಲ್ಲ. ಕಡ್ಡಿಯನ್ನು ಮೊದಲೇ ಅಮೋನಿಯಂ ಫಾಸ್ಫೇಟ್ ಎಂಬ ಉಪ್ಪಿನ ನೀರಿನಲ್ಲಿ ನೆನೆಸಿ ಒಣಗಿಸಿದ್ದರ ಫಲ ಅದು. ಹುಲ್ಲಿನ ಬಣವೆಯ ಪಕ್ಕ ಬೀಡಿ ಹಚ್ಚಿ ಕಡ್ಡಿ ಬಿಸಾಡುವವರು ಇರುವ ಊರಿನಲ್ಲಿ ಇದು ಸಣ್ಣ ವಿಷಯವಲ್ಲ.

ಮರದ ಆಯ್ಕೆಯೂ ಲೆಕ್ಕಾಚಾರದ್ದೇ. ಮೆದುವಾಗಿರಬೇಕು, ನೇರ ಎಳೆ ಇರಬೇಕು, ಬಿಳಿ ಇರಬೇಕು, ಅಂಟುಅಂಟಾಗಿ ಉರಿಯಬಾರದು. ಯುರೋಪಿನವರು ಆಸ್ಪೆನ್ ಮರ ಬಳಸುತ್ತಾರೆ. ನಮ್ಮ ಪಶ್ಚಿಮ ಘಟ್ಟದ ಹಾಲುಮಡ್ಡಿ ಮರವೂ ಬೆಂಕಿಕಡ್ಡಿಗೆ ಹೇಳಿ ಮಾಡಿಸಿದ್ದು. ಆ ಮರದ ತೊಗಟೆಯಿಂದ ಸೋರುವ ಅಂಟನ್ನೇ ಅಗರಬತ್ತಿಗೆ ಹಾಕುತ್ತಾರೆ. ಅಂದರೆ ದೇವರ ಮುಂದೆ ನೀವು ಕಡ್ಡಿ ಗೀರಿ ಊದುಬತ್ತಿ ಹಚ್ಚಿದಾಗ, ಎರಡೂ ಒಂದೇ ಜಾತಿಯ ಮರದಿಂದ ಬಂದಿರಬಹುದು.

ಇನ್ನು ಪೊಟ್ಟಣ. ಆ ರಟ್ಟಿನ ಗೋಡೆಯನ್ನು ನಾನು ಫೈರ್‌ವಾಲ್ ಎಂದದ್ದು ಅಕ್ಷರಶಃ ನಿಜ. ಮದ್ದು ಒಳಗೆ, ರಂಜಕ ಹೊರಗೆ, ನಡುವೆ ಗೋಡೆ. ಗೋಡೆಯ ಬೆಲೆ ಗೊತ್ತಾಗಬೇಕಾದರೆ ಅಮೆರಿಕದ ಒಂದು ಕಥೆ ಕೇಳಿ. 1892ರಲ್ಲಿ ಜೋಶುವಾ ಪ್ಯೂಸಿ ಎಂಬ ವಕೀಲ ಮಡಚುವ ರಟ್ಟಿನ ಕಡ್ಡಿಪುಸ್ತಕಕ್ಕೆ ಪೇಟೆಂಟ್ ಪಡೆದ. ಚೆಂದದ ವಸ್ತು, ಜೇಬಿಗೆ ತೆಳ್ಳಗೆ ಕೂರುತ್ತಿತ್ತು. ಆದರೆ ಗೀರುವ ಪಟ್ಟಿಯನ್ನು ಒಳಗಡೆ, ಕಡ್ಡಿಗಳ ಹತ್ತಿರವೇ ಇಟ್ಟಿದ್ದ. ಒಂದು ಗೀರುವಾಗ ಕಿಡಿ ಹಾರಿ ಎಲ್ಲವೂ ಒಟ್ಟಿಗೆ ಹೊತ್ತುವ ಭಯ. ಆಮೇಲೆ ಪಟ್ಟಿಯನ್ನು ಹೊರಗೆ ತಂದರು. ಪೊಟ್ಟಣದ ಡ್ರಾಯರ್ ಮುಚ್ಚಿಯೇ ಗೀರಬೇಕು ಎಂದು ನಮ್ಮ ಅಮ್ಮ ಹೇಳುತ್ತಿದ್ದದ್ದು ಇದಕ್ಕೇ. ಆಗ ಅದು ಬರೀ ಬೈಗುಳ ಅನ್ನಿಸುತ್ತಿತ್ತು.

ಚಾರ್ಜ್ ಇಳಿಯುವುದಿಲ್ಲ ಅಂದೆನಲ್ಲ, ಅದಕ್ಕೂ ಲೆಕ್ಕ ಕೊಡುತ್ತೇನೆ. ಒಂದು ಮರದ ಕಡ್ಡಿ ಪೂರ್ತಿ ಉರಿದರೆ ಸುಮಾರು ಒಂದು ಕಿಲೋಜೂಲ್ ಶಕ್ತಿ ಹೊರಬರುತ್ತದೆ. ಐವತ್ತು ಕಡ್ಡಿಯ ಪೊಟ್ಟಣದಲ್ಲಿ ಐವತ್ತು ಕಿಲೋಜೂಲ್. ಈಗ ನಿಮ್ಮ ಫೋನ್ ತೆಗೆದುಕೊಳ್ಳಿ. 4000 ಎಂಎಎಚ್ ಬ್ಯಾಟರಿ ತುಂಬಿದ್ದರೆ ಅದರಲ್ಲಿ ಇರುವುದು ಸುಮಾರು ಐವತ್ತೈದು ಕಿಲೋಜೂಲ್. ಹೆಚ್ಚುಕಡಿಮೆ ಸಮ! ಹತ್ತಾರು ಸಾವಿರದ ಫೋನಿನ ಹೊಟ್ಟೆಯಲ್ಲಿರುವಷ್ಟೇ ಶಕ್ತಿ ಎರಡು ರೂಪಾಯಿಯ ಪೊಟ್ಟಣದಲ್ಲಿದೆ. ಫೋನನ್ನು ಮುಟ್ಟದೆ ಇಟ್ಟರೂ ಕೆಲವು ದಿನಕ್ಕೆ ಖಾಲಿ. ಪೊಟ್ಟಣ ಕಾಯುತ್ತಾ ಇರುತ್ತದೆ.

ಇದು ಎರಡು ರೂಪಾಯಿಗೆ ಹೇಗೆ ಸಿಗುತ್ತದೆ ಎನ್ನುವುದಕ್ಕೆ ಉತ್ತರ ಶಿವಕಾಶಿಯಲ್ಲಿದೆ. ನಮ್ಮ ದೇಶಕ್ಕೆ ಮೊದಲು ಕಡ್ಡಿ ಬರುತ್ತಿದ್ದದ್ದು ಸ್ವೀಡನ್, ಜಪಾನ್‌ಗಳಿಂದ. 1922ರಲ್ಲಿ ಶಿವಕಾಶಿಯ ಅಯ್ಯ ನಾಡಾರ್ ಮತ್ತು ಷಣ್ಮುಗ ನಾಡಾರ್ ಎಂಬ ಇಬ್ಬರು ದಾಯಾದಿ ಸಹೋದರರು ಕಲ್ಕತ್ತಕ್ಕೆ ಹೋಗಿ ಕಡ್ಡಿ ಮಾಡುವುದನ್ನು ಕಲಿತು ಬಂದರು. ಮಳೆ ಕಮ್ಮಿ ಇರುವ ಊರು. ಬೆಳೆಗೆ ಅದು ಶಾಪ. ಮದ್ದು ಒಣಗಿಸುವುದಕ್ಕೆ ಮಾತ್ರ ಅದೇ ವರ. ಅಲ್ಲಿಂದ ಸಾತ್ತೂರು, ಕೋವಿಲ್‌ಪಟ್ಟಿವರೆಗೆ ಕೆಲಸ ಹರಡಿತು. ಇವತ್ತು ನಿಮ್ಮ ಮನೆಯ ಪೊಟ್ಟಣ ತಿರುಗಿಸಿ ನೋಡಿದರೆ ತಮಿಳುನಾಡಿನ ಯಾವುದೋ ಊರಿನ ಹೆಸರು ಇರುವ ಸಾಧ್ಯತೆ ಜಾಸ್ತಿ.

ಅಲ್ಲೂ ಮಕ್ಕಳ ಕೈಗಳು ಬಹಳ ಕಾಲ ದುಡಿದವು. ಕಡ್ಡಿ ಜೋಡಿಸುವುದು, ಪೊಟ್ಟಣ ತುಂಬುವುದು ಚಿಕ್ಕ ಬೆರಳಿನ ಕೆಲಸ ಅಂತ. 1996ರಲ್ಲಿ ಸುಪ್ರೀಂ ಕೋರ್ಟ್ ಶಿವಕಾಶಿಯ ಪ್ರಕರಣದಲ್ಲೇ ಬಾಲಕಾರ್ಮಿಕರ ಬಗ್ಗೆ ದೊಡ್ಡ ತೀರ್ಪು ಕೊಟ್ಟಿತು. ಕೆಲಸಕ್ಕಿಟ್ಟುಕೊಂಡ ಒಂದೊಂದು ಮಗುವಿಗೂ ಮಾಲೀಕ 20,000 ರೂಪಾಯಿ ಕಟ್ಟಬೇಕು ಎಂದಿತು. ಈಗಲೂ ಅಲ್ಲಿ ದುಡಿಯುವವರಲ್ಲಿ ಹೆಂಗಸರೇ ಹೆಚ್ಚು. 2007ರಲ್ಲಿ ಒಂದು ರೂಪಾಯಿಯಾದ ಪೊಟ್ಟಣ ಹದಿನಾಲ್ಕು ವರ್ಷ ಒಂದೇ ರೂಪಾಯಿಯಲ್ಲಿ ನಿಂತಿತ್ತು. 2021ರ ಡಿಸೆಂಬರ್‌ನಲ್ಲಿ ಎರಡಾಯಿತು. ಆ ಹದಿನಾಲ್ಕು ವರ್ಷದಲ್ಲಿ ಬೇರೆ ಯಾವ ಸಾಮಾನಿನ ಬೆಲೆ ನಿಂತಿತ್ತು ಹೇಳಿ? ಬೆಲೆ ಏರಿದಾಗ ಗೊಣಗಿದವರಿದ್ದರು. ಕಡ್ಡಿಗೆ ನಾಲ್ಕು ಪೈಸೆ ಬೀಳುತ್ತದೆ. ನನಗೆ ಅದು ಇನ್ನೂ ಕಮ್ಮಿ ಅನ್ನಿಸುತ್ತದೆ. ಅಗ್ಗದ ಆಮದು ಲೈಟರ್‌ಗಳಿಂದ ಈ ಊರುಗಳ ಕೆಲಸ ಹೋಗುತ್ತಿದೆ ಎಂಬ ಕೂಗು ಎದ್ದಿತ್ತು. 2023ರಲ್ಲಿ ಕೇಂದ್ರ ಸರ್ಕಾರ ಇಪ್ಪತ್ತು ರೂಪಾಯಿಗಿಂತ ಕಮ್ಮಿ ಬೆಲೆಯ ಸಿಗರೇಟ್ ಲೈಟರ್‌ಗಳ ಆಮದನ್ನು ನಿಷೇಧಿಸಿತು.

ಈ ಉಪಕರಣಕ್ಕೆ ಒಂದು ದೌರ್ಬಲ್ಯ ಇದೆ, ಮಲೆನಾಡಿನವರಿಗೆ ಅದನ್ನು ಹೇಳಿಕೊಡಬೇಕಾಗಿಲ್ಲ. ಥಂಡಿ. ತಲೆಯ ಮದ್ದನ್ನು ಹಿಡಿದಿಟ್ಟಿರುವುದು ಬಡಗಿಗಳ ಸರೇಸಿನ ಜಾತಿಯ ಅಂಟು. ಅದು ತೇವ ಹೀರಿದರೆ ಮೆದುವಾಗುತ್ತದೆ. ಗೀರಿದರೆ ತಲೆ ಬಿಸಿಯಾಗುವ ಬದಲು ಕಿತ್ತು ಬರುತ್ತದೆ, ಪಟ್ಟಿಯ ಮೇಲೆ ಕೆಂಪು ಗೆರೆಯೊಂದು ಉಳಿಯುತ್ತದೆ. ಅದಕ್ಕೇ ನಮ್ಮಲ್ಲಿ ಮಳೆಗಾಲ ಪೂರ್ತಿ ಪೊಟ್ಟಣದ ಜಾಗ ಒಲೆಯ ಪಕ್ಕದ ಗೂಡು. ಬಚ್ಚಲೊಲೆಯ ಹತ್ತಿರ ಇನ್ನೊಂದು. ಈಗ ಒಲೆ ಇಲ್ಲದ ಮನೆಯವರು ಮುಚ್ಚಳ ಗಟ್ಟಿ ಇರುವ ಸ್ಟೀಲ್ ಡಬ್ಬಿಯಲ್ಲಿ ಇಡಿ. ಕಡ್ಡಿ ಒದ್ದೆಯಾಗಿಲ್ಲ, ಪಟ್ಟಿ ಮಾತ್ರ ಒದ್ದೆಯಾಗಿದೆ ಅನ್ನುವುದೂ ಉಂಟು. ಬೇರೆ ಪೊಟ್ಟಣದ ಪಟ್ಟಿಗೆ ಗೀರಿ ನೋಡಿ, ಎಷ್ಟೋ ಸಲ ಹೊತ್ತುತ್ತದೆ. ಓಟಿಪಿ ಬೇರೆ ಫೋನಿಗೆ ತರಿಸಿಕೊಂಡ ಹಾಗೆ.

ಹೊತ್ತಿದ ಮೇಲೆ ಹಿಡಿಯುವುದರಲ್ಲೂ ಒಂದು ಹದ ಇದೆ. ಬಿಸಿ ಗಾಳಿ ಮೇಲಕ್ಕೆ ಹೋಗುತ್ತದೆ, ಜ್ವಾಲೆಯೂ ಮೇಲಕ್ಕೇ. ತಲೆ ಮೇಲೆ ಮಾಡಿ ಹಿಡಿದರೆ ಜ್ವಾಲೆಗೆ ಮೇಲೆ ತಿನ್ನಲು ಮರವಿಲ್ಲ, ಸೊರಗುತ್ತದೆ. ತಲೆಯನ್ನು ಸ್ವಲ್ಪ ಕೆಳಗೆ ಬಾಗಿಸಿದರೆ ಜ್ವಾಲೆ ಕಡ್ಡಿಯ ಮೈಯನ್ನೇ ಸವರುತ್ತಾ ಏರುತ್ತದೆ, ಉರಿ ನಿಲ್ಲುತ್ತದೆ. ಗಾಳಿ ಇದ್ದರೆ ಅಂಗೈಯ ಗೂಡು. ಬಸ್‌ಸ್ಟ್ಯಾಂಡಿನಲ್ಲಿ ಬೀಡಿ ಹಚ್ಚುವ ಯಾವ ಅಜ್ಜನನ್ನು ನೋಡಿದರೂ ಈ ಎರಡು ಪಾಠ ಒಂದೇ ನೋಟಕ್ಕೆ ಸಿಗುತ್ತವೆ.

ಕಡ್ಡಿ ಮುಗಿದ ಮೇಲೂ ಪೊಟ್ಟಣ ಮುಗಿಯುತ್ತಿರಲಿಲ್ಲ. ನಮಗೆ ಅದು ರೈಲು ಡಬ್ಬಿ. ಎರಡು ಖಾಲಿ ಪೊಟ್ಟಣದ ನಡುವೆ ದಾರ ಬಿಗಿದರೆ ಫೋನ್. ದಾರ ಬಿಗಿಯಾಗಿದ್ದರೆ ಅಂಗಳದ ಆ ತುದಿಯ ಪಿಸುಮಾತು ಈ ತುದಿಗೆ ಕೇಳುತ್ತಿತ್ತು. ಮೇಲಿನ ಚಿತ್ರಗಳನ್ನು ಕತ್ತರಿಸಿ ಕೂಡಿಡುತ್ತಿದ್ದೆವು. ನನ್ನ ಹತ್ತಿರ ನೂರಕ್ಕೂ ಜಾಸ್ತಿ ಇದ್ದವು.

ಇಷ್ಟೆಲ್ಲ ಅವತ್ತು ಹುಡುಗನಿಗೆ ಹೇಳಲಿಲ್ಲ. ಮೂತ್ರದ ಕಥೆ ಹೇಳಿದೆ, ಬಿದ್ದು ಬಿದ್ದು ನಕ್ಕ. ಎರಡು ಬೀಗದ ಕಥೆ ಹೇಳಿದೆ, ಸುಮ್ಮನಾದ. ಪೊಟ್ಟಣದ ಪಕ್ಕೆಯನ್ನು ಬೆರಳಿಂದ ಸವರಿ "ಗಾಜು" ಅಂದ. ಒಳಗಿನಿಂದ ಅಕ್ಕ ಕೂಗಿದಳು, ಇನ್ನೂ ದೀಪ ಹಚ್ಚಿಲ್ವಾ ನೀವಿಬ್ಬರೂ ಅಂತ.

ನಾನು ಹೊಸ ಕಡ್ಡಿ ತೆಗೆಯಲು ಹೋದೆ. ಅವನು ಬೇಡ ಅಂದ. ಗೋಡೆಗೂ ನೆಲಕ್ಕೂ ಉಜ್ಜಿ ಕೆಳಗಿಟ್ಟಿದ್ದ ಆ ಮೊದಲ ಕಡ್ಡಿಯನ್ನೇ ಎತ್ತಿಕೊಂಡ. ಅದರ ತಲೆ ಒಂದು ಕಡೆ ಸವೆದಿತ್ತು. ಡ್ರಾಯರನ್ನು ಹೆಬ್ಬೆರಳಿಂದ ಒತ್ತಿ ಪೂರ್ತಿ ಮುಚ್ಚಿದ, ಮುಚ್ಚಿದೆಯಾ ಅಂತ ಇನ್ನೊಂದು ಸಲ ನೋಡಿದ. ಮೊದಲ ಸಲ ಮೆಲ್ಲಗೆ ಗೀರಿದ, ಆಗಲಿಲ್ಲ. ಎರಡನೇ ಸಲ ಸರ್ ಅಂತ ಎಳೆದ. ಬೆಚ್ಚಿ ಕೈ ಅರ್ಧ ಹಿಂದೆ ಬಂತು, ಆದರೆ ಕಡ್ಡಿ ಬಿಡಲಿಲ್ಲ. ತಲೆ ಕೆಳಗೆ ಮಾಡಿ, ಇನ್ನೊಂದು ಕೈಯನ್ನು ಗೂಡು ಮಾಡಿ, ಉಸಿರು ಬಿಗಿಹಿಡಿದು ಬತ್ತಿಯ ಹತ್ತಿರ ಒಯ್ದ.